ಕೊಟ್ಟ ಲೆಕ್ಕ ಇದೆ, ಬಳಸಿದ ಲೆಕ್ಕ ಎಲ್ಲಿ?

ನಮ್ಮ ದೊಡ್ಡಪ್ಪನ ಮೇಜಿನ ಡ್ರಾಯರ್‌ನಲ್ಲಿ ಒಂದು ಪುಟ್ಟ ಡಬ್ಬಿ ಇತ್ತು. ಒಳಗೆ ಹಿಯರಿಂಗ್ ಏಡ್. ಜೊತೆಗೆ ಸ್ಟಿಕರ್ ಕೂಡ ಕೀಳದ ಗುಂಡಿಯಂಥ ಸೆಲ್ಲುಗಳು, ಮಡಿಕೆ ಬಿಚ್ಚದ ಸೂಚನೆಯ ಹಾಳೆ. ತಂದ ಮೊದಲ ವಾರ ಹಾಕಿಕೊಂಡಿದ್ದರು. ಆಮೇಲೆ ಯಾರಾದರೂ ಮನೆಗೆ ಬಂದಾಗ ಮಾತ್ರ. ಆಮೇಲೆ ಅದೂ ಇಲ್ಲ. ಕೇಳಿದರೆ, "ಸುಮ್ನೆ ಗಲಾಟೆ ಕಣೋ, ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತೆ" ಎನ್ನುತ್ತಿದ್ದರು. ಹಟ ಮಾಡ್ತಿದ್ದಾರೆ ಅಂತ ನಾವೆಲ್ಲ ಬೇಜಾರು ಮಾಡಿಕೊಂಡೆವು. ಅವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ಸಾಧನ ಕೊಟ್ಟವರ ದಾಖಲೆಯಲ್ಲಿ ದೊಡ್ಡಪ್ಪ 'ಸಾಧನ ಪಡೆದವರು'. ಅವರ ಹೆಸರಿನ ಮುಂದೆ ಟಿಕ್ ಬಿದ್ದಿದೆ. ಡ್ರಾಯರ್‌ನ ಕತೆ ಬರೆಯೋಕೆ ಅಲ್ಲಿ ಕಾಲಂ ಇಲ್ಲ.

ಅಂಗವಿಕಲರಿಗೆ ಸಹಾಯಕ ಸಾಧನಗಳು ಸಿಗಬೇಕು ಎಂಬ ಮಾತು ಬಂದಾಗಲೆಲ್ಲ ಚರ್ಚೆ ಬೇಗನೆ ದುಡ್ಡಿನ ಕಡೆ ಹೋಗುತ್ತದೆ. ಇಲ್ಲವೇ ಯಾವುದೋ ಹೊಸ ಆವಿಷ್ಕಾರದ ಕಡೆ. ಎರಡೂ ಬೇಕು, ಇಲ್ಲ ಅನ್ನಲ್ಲ. ಆದರೆ ನನ್ನ ಪ್ರಕಾರ ದೊಡ್ಡ ತೂತು ಇರುವುದು ಬೇರೆ ಕಡೆ. ಸಾಧನ ಕೈಗೆ ಬಂದ ಮಾರನೇ ದಿನದಿಂದ ಏನಾಗುತ್ತದೆ ಅನ್ನುವಲ್ಲಿ.

ಮೊದಲು ಸಮಸ್ಯೆ ಎಷ್ಟು ದೊಡ್ಡದು ಅಂತ ನೋಡಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2022ರಲ್ಲಿ ಒಂದು ಜಾಗತಿಕ ವರದಿ ತಂದವು. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕು, ಅವರಲ್ಲಿ ಹತ್ತಿರ ಹತ್ತಿರ 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ ಅನ್ನುತ್ತದೆ ಆ ವರದಿ. 35 ದೇಶಗಳನ್ನು ಹೋಲಿಸಿ ನೋಡಿದ್ದಾರೆ. ಶ್ರೀಮಂತ ದೇಶಗಳಲ್ಲಿ ಬೇಕಾದ ನೂರು ಜನರಲ್ಲಿ 90 ಜನರಿಗೂ ಸಿಗುತ್ತದೆ. ಬಡ ದೇಶಗಳಲ್ಲಿ ಇದು 3ಕ್ಕೆ ಇಳಿದಿದ್ದೂ ಇದೆ. 2050ರ ಹೊತ್ತಿಗೆ ಸಾಧನ ಬೇಕಾದವರ ಸಂಖ್ಯೆ 350 ಕೋಟಿ ದಾಟುತ್ತದಂತೆ. ಕಾರಣ ಸರಳ: ಜನ ಹೆಚ್ಚು ವರ್ಷ ಬದುಕುತ್ತಿದ್ದಾರೆ. ಅಂದರೆ ಇದು 'ಅವರ' ಸಮಸ್ಯೆ ಅಲ್ಲ. ನಾವೂ ನೀವೂ ಸರತಿಯಲ್ಲಿ ನಿಂತಿದ್ದೇವೆ, ಟೋಕನ್ ಇನ್ನೂ ಬಂದಿಲ್ಲ ಅಷ್ಟೆ.

250 ಕೋಟಿ ಅಂದಾಗ ಹುಬ್ಬೇರಿಸಬೇಡಿ. ಈ ಲೆಕ್ಕದಲ್ಲಿ ಕನ್ನಡಕವೂ ಇದೆ.

ಕನ್ನಡಕ ಒಂದು ಸಹಾಯಕ ಸಾಧನ ಅಂತ ನಮಗೆ ಅನ್ನಿಸುವುದೇ ಇಲ್ಲ, ಅಲ್ವಾ? ಅದರ ಗೆಲುವೇ ಅದು. ಕಣ್ಣು ಪರೀಕ್ಷೆ ಬೇಗ ಮುಗಿಯುತ್ತದೆ. ಅಳತೆಗೆ ತಕ್ಕ ಗಾಜು ಸಿಗುತ್ತದೆ. ಮೂಗಿನ ಮೇಲೆ ಸರಿಯಾಗಿ ಕೂರದಿದ್ದರೆ ಅಂಗಡಿಯವರೇ ಬಗ್ಗಿಸಿ ಕೊಡುತ್ತಾರೆ. ಮುರಿದರೆ ಅದೇ ದಿನ ರಿಪೇರಿ. ಹಾಕಿಕೊಂಡರೆ ಯಾರೂ ತಿರುಗಿ ನೋಡಲ್ಲ. ಎಲ್ಲರಿಗೂ ಸಿಕ್ಕಿದೆ ಅಂತಲ್ಲ, ಕೋಟ್ಯಂತರ ಜನ ಇನ್ನೂ ಮಸುಕು ಮಸುಕಾಗಿಯೇ ನೋಡುತ್ತಿದ್ದಾರೆ. ಆದರೂ ಒಂದು ಸಾಧನದ ಸುತ್ತ ಏನೇನು ಇರಬೇಕು ಅಂತ ಕೇಳಿದರೆ ನಾನು ಕನ್ನಡಕವನ್ನೇ ತೋರಿಸುತ್ತೇನೆ. ಪರೀಕ್ಷೆ, ಅಳತೆ, ಹೊಂದಿಸುವುದು, ರಿಪೇರಿ. ಇದರಲ್ಲಿ ಯಾವುದೊಂದು ತಪ್ಪಿದರೂ ಕನ್ನಡಕವೂ ಡ್ರಾಯರ್ ಸೇರುತ್ತದೆ.

ಸುಲಭವಾಗಿ ಸಿಕ್ಕಿದ್ದು ಬೇಗ ಮೂಲೆ ಸೇರುತ್ತದೆ

ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಇವತ್ತಿಗೂ ಉಲ್ಲೇಖವಾಗುತ್ತದೆ. ಬೇರೆ ಬೇರೆ ತರಹದ ಸಾಧನ ಪಡೆದಿದ್ದ 227 ವಯಸ್ಕ ಅಂಗವಿಕಲರನ್ನು ಮಾತಾಡಿಸಿದರು. ಪಡೆದ ಸಾಧನಗಳಲ್ಲಿ ನೂರಕ್ಕೆ 29.3ರಷ್ಟನ್ನು ಬಳಸುವುದನ್ನೇ ಬಿಟ್ಟಿದ್ದರು. ಬಿಟ್ಟವರಲ್ಲಿ ಜಾಸ್ತಿ ಜನ ಬಿಟ್ಟಿದ್ದು ಒಂದೋ ಮೊದಲ ವರ್ಷದಲ್ಲಿ, ಇಲ್ಲವೇ ಐದು ವರ್ಷ ದಾಟಿದ ಮೇಲೆ.

ಯಾಕೆ ಬಿಟ್ಟರು? ಅಧ್ಯಯನ ನಾಲ್ಕು ಕಾರಣ ಗುರುತಿಸಿತು. ಆರಿಸುವಾಗ ಬಳಸುವವರ ಮಾತನ್ನೇ ಕೇಳದಿದ್ದದ್ದು ಒಂದು. ಸಾಧನ ಸರಿಯಾಗಿ ಕೆಲಸ ಮಾಡದ್ದು ಇನ್ನೊಂದು. ವ್ಯಕ್ತಿಯ ಅಗತ್ಯವೇ ಬದಲಾಗಿದ್ದು ಮತ್ತೊಂದು. ನಾಲ್ಕನೆಯದು ನನ್ನನ್ನು ಬೆಚ್ಚಿಬೀಳಿಸಿತು: ಸಾಧನ ತೀರಾ ಸುಲಭವಾಗಿ ಸಿಕ್ಕಿದ್ದು.

ಸುಲಭವಾಗಿ ಸಿಗಬೇಕು ಅಂತ ತಾನೇ ನಾವೆಲ್ಲ ಹೇಳುತ್ತಿರುವುದು? ಹೌದು. ಇಲ್ಲಿ ಹೇಳುತ್ತಿರುವ 'ಸುಲಭ' ಬೇರೆ. ಯಾರೂ ಅಳತೆ ನೋಡಲಿಲ್ಲ, ಬಳಸಿ ನೋಡೋಕೆ ಬಿಡಲಿಲ್ಲ, ಅಂಗಡಿಯಿಂದಲೋ ಸಂಸ್ಥೆಯಿಂದಲೋ ಒಂದು ಡಬ್ಬಿ ಬಂತು, ಸಹಿ ಹಾಕಿಸಿಕೊಂಡು ಹೋದರು. ಆ ಥರದ ಸುಲಭ. ಜಗತ್ತಿನಲ್ಲಿ ಎಲ್ಲೇ ಆಗಲಿ, ಸಾಲಾಗಿ ನಿಲ್ಲಿಸಿ ಒಂದೇ ಅಳತೆಯ ಗಾಲಿಕುರ್ಚಿ ಹಂಚುವ ಫೋಟೊ ನೋಡಿದಾಗ ನನಗೆ ಈ ನಾಲ್ಕನೇ ಕಾರಣ ನೆನಪಾಗುತ್ತದೆ. ಒಂದೇ ಅಳತೆಯ ಚಪ್ಪಲಿಯನ್ನು ಹೀಗೆ ಯಾರೂ ಹಂಚಲ್ಲ.

ಬಳಸುವವರ ಮಾತು ಅಂದಾಗ ಸ್ಟೀಫನ್ ಹಾಕಿಂಗ್ ನೆನಪಿಗೆ ಬರುತ್ತಾರೆ. 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಹೋಯಿತು. ಆಮೇಲೆ ಕಂಪ್ಯೂಟರ್ ಅವರ ಪರವಾಗಿ ಮಾತಾಡಿತು. ಕಾಲ ಕಳೆದಂತೆ ಅದಕ್ಕಿಂತ ಎಷ್ಟೋ ನಯವಾದ, ಮನುಷ್ಯರಂತೆಯೇ ಇರುವ ದನಿಗಳು ಬಂದವು. ಅವರು ಹಳೆಯದನ್ನು ಬಿಡಲಿಲ್ಲ. ಆ ಯಾಂತ್ರಿಕ ದನಿಯೇ ಅವರಿಗೆ ತಮ್ಮ ದನಿಯಾಗಿತ್ತು. ಎಂಜಿನಿಯರ್‌ಗೆ 'ಉತ್ತಮ' ಅನ್ನಿಸಿದ್ದು ಬಳಸುವವರಿಗೂ ಉತ್ತಮ ಆಗಬೇಕಿಲ್ಲ. ಹಾಕಿಂಗ್ ಬೇಡ ಅಂದರೆ ಕೇಳುವವರಿದ್ದರು. ಮಾತು ಬಾರದ ಆರು ವರ್ಷದ ಮಗು, ಚಿತ್ರ ಒತ್ತಿದರೆ ತನ್ನ ಪರವಾಗಿ ಮಾತಾಡುವ ಟ್ಯಾಬ್ಲೆಟ್‌ನಲ್ಲಿ 'ನೀರು', 'ಊಟ', 'ಥ್ಯಾಂಕ್ಸ್' ಮಾತ್ರ ಇದೆ, 'ಬೇಡ' ಮತ್ತು 'ಹೋಗಾಚೆ' ಇಲ್ಲ ಅಂತ ಯಾರ ಹತ್ತಿರ ದೂರು ಹೇಳಬೇಕು?

ಗಾಲಿಕುರ್ಚಿಯಲ್ಲಿ ಕೂತು ನೋಡಿದರೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 8 ಕೋಟಿ ಜನರಿಗೆ ಗಾಲಿಕುರ್ಚಿ ಬೇಕು. ಸಿಗುವುದು ದೇಶಕ್ಕೆ ತಕ್ಕಂತೆ ನೂರಕ್ಕೆ 5ರಿಂದ 35 ಜನರಿಗೆ ಮಾತ್ರ. ಈ ಅಂಕಿ ಕೇಳಿದ ತಕ್ಷಣ ಕೈ ಜೇಬಿಗೆ ಹೋಗುವುದು ಸಹಜ. ಹೆಚ್ಚು ಕುರ್ಚಿ ಕೊಂಡರೆ ಆಯಿತಲ್ಲ ಅನ್ನಿಸುತ್ತದೆ.

ಸ್ವಲ್ಪ ಹತ್ತಿರದಿಂದ ನೋಡಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತದಲ್ಲ, ಬಟ್ಟೆಯಂಥ ಸೀಟಿನ ಮಡಚುವ ಕುರ್ಚಿ, ಅದು ರೋಗಿಯನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆದೊಯ್ಯಲು ಮಾಡಿದ್ದು. ಹತ್ತು ನಿಮಿಷದ ಕೆಲಸ. ಅದನ್ನೇ ಒಬ್ಬರಿಗೆ ದಿನಕ್ಕೆ ಹತ್ತು ತಾಸು ಕೂರಲು ಕೊಟ್ಟರೆ? ಸೀಟು ತೊಟ್ಟಿಲಿನಂತೆ ಜೋತುಬೀಳುತ್ತದೆ. ತೊಡೆಗಳು ಒಳಕ್ಕೆ ವಾಲುತ್ತವೆ, ಸೊಂಟ ಒಂದು ಕಡೆಗೆ ಜಾರುತ್ತದೆ, ಬೆನ್ನು ಬಾಗುತ್ತದೆ. ಕಾಲಿಡುವ ಹಲಗೆ ತೀರಾ ಎತ್ತರದಲ್ಲಿದ್ದರೆ ಮಂಡಿ ಮೇಲೇಳುತ್ತದೆ, ಮೈಭಾರವೆಲ್ಲ ಕುಂಡಿಯ ಎರಡು ಮೂಳೆಗಳ ಮೇಲೆ ಬೀಳುತ್ತದೆ.

ಬೆನ್ನುಹುರಿಗೆ ಪೆಟ್ಟಾದವರಿಗೆ ಅಲ್ಲಿ ನೋವು ಗೊತ್ತಾಗಲ್ಲ. ನಾವು ಸಿನಿಮಾ ನೋಡುತ್ತಾ ಕೂತಲ್ಲೇ ಎಷ್ಟು ಸಲ ಮಿಸುಕಾಡುತ್ತೇವೆ ಅಂತ ಗಮನಿಸಿದ್ದೀರಾ? ಮೈ ತಾನೇ ಹೇಳಿ ಮಾಡಿಸುತ್ತದೆ. ಅವರ ಮೈ ಹೇಳುವುದಿಲ್ಲ. ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಚರ್ಮ ಸಾಯುತ್ತದೆ, ಹಾಸಿಗೆ ಹುಣ್ಣಾಗುತ್ತದೆ. ಆ ಹುಣ್ಣು ಮೂಳೆವರೆಗೂ ಇಳಿಯಬಲ್ಲದು. ನಂಜೇರಿದರೆ ಜೀವವನ್ನೇ ತೆಗೆಯಬಹುದು. ಸಹಾಯಕ್ಕೆ ಅಂತ ಕೊಟ್ಟ ಕುರ್ಚಿಯಿಂದ ಹೀಗೂ ಆಗುತ್ತದೆ.

ಇದನ್ನು ತಡೆಯಲು ದೊಡ್ಡ ಯಂತ್ರ ಬೇಕಿಲ್ಲ. ತರಬೇತಿ ಪಡೆದವರು ಮಾಡುವ ಒಂದು ಪರೀಕ್ಷೆ ಇದೆ. ವ್ಯಕ್ತಿ ಕುರ್ಚಿಯಲ್ಲಿ ಕೂತಿರುವಾಗಲೇ, ಅವರ ಒಪ್ಪಿಗೆ ಕೇಳಿ, ದಿಂಬಿಗೂ ಕುಂಡಿಯ ಮೂಳೆಗೂ ನಡುವೆ ಬೆರಳು ತೂರಿಸುತ್ತಾರೆ. ಬೆರಳ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟಾದರೂ ಮೇಲೆ ಕೆಳಗೆ ಆಡಿಸಲು ಬಂದರೆ ಸರಿ. ಆಡಿಸಲು ಬರದಿದ್ದರೆ ಎಚ್ಚರ. ಬೆರಳು ಸಿಕ್ಕಿಹಾಕಿಕೊಂಡು ಹೊರಗೆ ಎಳೆಯುವುದೇ ಕಷ್ಟವಾದರೆ ಆ ದಿಂಬು ಆ ವ್ಯಕ್ತಿಗೆ ಅಪಾಯ. ಮಂಡಿಯ ಹಿಂದೆ ಎರಡು ಬೆರಳಿನಷ್ಟು ಜಾಗ ಇದೆಯಾ, ತೊಡೆಯ ಪಕ್ಕ ಸೀಟು ಬಿಗಿಯಾಗಿದೆಯಾ ಸಡಿಲವಾಗಿದೆಯಾ, ಇದೆಲ್ಲ ನೋಡುವುದೂ ಅದೇ ಹೊತ್ತಿಗೆ. ದುಡ್ಡಿನ ಖರ್ಚಿಲ್ಲ. ಗೊತ್ತಿರುವ ಕೈ ಬೇಕು, ಸ್ವಲ್ಪ ಹೊತ್ತು ಬೇಕು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಾಲಿಕುರ್ಚಿ ಸೇವೆಗೆ ಎಂಟು ಹೆಜ್ಜೆಗಳ ಮಾರ್ಗಸೂಚಿ ಕೊಟ್ಟಿತ್ತು. ಹೆಸರು ನೋಂದಣಿ, ತಪಾಸಣೆ, ಯಾವ ಕುರ್ಚಿ ಬೇಕೆಂಬ ನಿರ್ಧಾರ, ಹಣ ಹೊಂದಿಸಿ ಆರ್ಡರ್ ಮಾಡುವುದು, ಕುರ್ಚಿ ಸಿದ್ಧಮಾಡುವುದು, ಕೂರಿಸಿ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ರಿಪೇರಿ ಮತ್ತು ಮರುಭೇಟಿ. ಎಣಿಸಿ ನೋಡಿ. ಎಂಟರಲ್ಲಿ ಹಣದ ಮಾತು ಬರುವುದು ಒಂದೇ ಹೆಜ್ಜೆಯಲ್ಲಿ. ದಾನಿಗಳು, ಯೋಜನೆಗಳು, ಸುದ್ದಿಗಳು ಎಲ್ಲ ಗುಂಪುಗೂಡಿರುವುದು ಆ ಒಂದರ ಸುತ್ತಲೇ.

ಇನ್ನು ನೆಲದ ವಿಚಾರ. ನುಣುಪಾದ ಟೈಲ್ಸ್ ಮೇಲೆ ಓಡಲು ಮಾಡಿದ ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಕಲ್ಲುಮಣ್ಣಿನ ದಾರಿಯಲ್ಲಿ ಗಕ್ಕನೆ ಸಿಕ್ಕಿಕೊಳ್ಳುತ್ತವೆ, ಕೂತವರು ಮುಗ್ಗರಿಸುತ್ತಾರೆ. ಅಮೆರಿಕದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್ ಇದನ್ನು ಪುಸ್ತಕದಿಂದ ಕಲಿತವರಲ್ಲ. 1966ರ ಬೈಕ್ ಅಪಘಾತದ ನಂತರ ಅವರೇ ಗಾಲಿಕುರ್ಚಿ ಬಳಸುವವರು. 1980ರಲ್ಲಿ ನಿಕರಾಗುವಾಕ್ಕೆ ಹೋದವರು ಅಲ್ಲಿನ ಬಳಕೆದಾರರು ತಾವೇ ಮಾಡಿಕೊಂಡಿದ್ದ ರಿಪೇರಿಗಳನ್ನು ನೋಡಿದರು, ಅವರ ಜೊತೆಯೇ ಕೂತು ವಿನ್ಯಾಸ ಮಾಡಿದರು. ಅವರು ಕಟ್ಟಿದ 'ವರ್ಲ್‌ವಿಂಡ್' ಸಂಸ್ಥೆಯ 'ರಫ್‌ರೈಡರ್' ಕುರ್ಚಿಯ ಮುಂದಿನ ಗಾಲಿ ಅಗಲ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಅಂತರ ಹೆಚ್ಚು. ಹಾಗಾಗಿ ಒರಟು ನೆಲದಲ್ಲಿ ಮುಂದಕ್ಕೆ ಮಗುಚುವುದು ಕಡಿಮೆ. ಹಿಂದಿನ ಟೈರು ಸೈಕಲ್ಲಿನದೇ. ಪಂಕ್ಚರ್ ಆದರೆ ಪಂಕ್ಚರ್ ಅಂಗಡಿ ಸಾಕು. ವಿನ್ಯಾಸ ಮಾಡುವಾಗಲೇ ರಿಪೇರಿಯವನನ್ನು ನೆನಪಿಟ್ಟುಕೊಂಡಿದ್ದಾರೆ ನೋಡಿ, ಅದು ನನಗೆ ಇಷ್ಟವಾದದ್ದು.

ದೊಡ್ಡಪ್ಪನ ಕಿವಿ

ಈಗ ಡ್ರಾಯರ್‌ಗೆ ಬರೋಣ.

ವಯಸ್ಸಾದಾಗ ಕಿವಿ ಎಲ್ಲ ಸದ್ದಿಗೂ ಒಂದೇ ಸಮನೆ ಮಂದ ಆಗಲ್ಲ. ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ, ಶ, ಫ, ತ ಈ ಥರದವು. ಆ, ಓ, ಊ ಇಂಥ ಸ್ವರಗಳು ಚೆನ್ನಾಗಿಯೇ ಕೇಳುತ್ತವೆ. ಅದಕ್ಕೇ ಅವರು "ಕೇಳುತ್ತೆ, ಏನಂತ ಗೊತ್ತಾಗಲ್ಲ" ಎನ್ನುವುದು. ನಾವು ಇನ್ನೂ ಜೋರಾಗಿ ಕೂಗುತ್ತೇವೆ. ಸ್ವರ ಮಾತ್ರ ಜೋರಾಗುತ್ತದೆ, ಮಾತು ತಿಳಿಯಾಗಲ್ಲ. "ಯಾಕೋ ಬೈತೀಯಾ?" ಅಂತ ಅವರಿಗೆ ಬೇಜಾರು.

ಒಳ್ಳೆಯ ಹಿಯರಿಂಗ್ ಏಡ್ ಮಾಡಬೇಕಾದ್ದು ಎಲ್ಲವನ್ನೂ ಜೋರು ಮಾಡುವ ಕೆಲಸ ಅಲ್ಲ. ಕಿವಿ ಪರೀಕ್ಷೆಯ ನಕ್ಷೆ ಇಟ್ಟುಕೊಂಡು, ಎಲ್ಲಿ ಕಡಿಮೆ ಇದೆಯೋ ಅಲ್ಲಷ್ಟೇ ಎತ್ತಿಕೊಡಬೇಕು. ಹಾಗೆ ಹೊಂದಿಸದಿದ್ದರೆ ಫ್ಯಾನಿನ ಗುಯ್‌ಗುಡುವಿಕೆ, ತಟ್ಟೆ ಲೋಟದ ಸದ್ದು, ತಮ್ಮದೇ ಕೆಮ್ಮು ಎಲ್ಲ ತಲೆಗೆ ಬಡಿಯುತ್ತವೆ. ದೊಡ್ಡಪ್ಪ ಹೇಳಿದ 'ಗಲಾಟೆ' ಅದೇ. ಕಿವಿಯೊಳಗೆ ಕೂರುವ ತುಂಡು ಸರಿಯಾಗಿ ಹೊಂದದಿದ್ದರೆ ಕುಯ್ಯ್ ಅಂತ ಸಿಳ್ಳೆ ಬೇರೆ. ಇನ್ನು ಸರಿಯಾಗಿ ಹೊಂದಿಸಿದರೂ ವರ್ಷಗಟ್ಟಲೆ ಈ ಸದ್ದುಗಳಿಲ್ಲದೆ ಇದ್ದ ಮಿದುಳಿಗೆ ಮತ್ತೆ ಒಗ್ಗಿಕೊಳ್ಳಲು ವಾರಗಳೇ ಬೇಕು. ದಿನಕ್ಕೆ ಸ್ವಲ್ಪ ಹೊತ್ತಿನಿಂದ ಶುರುಮಾಡಿ ಹೆಚ್ಚಿಸುತ್ತಾ ಹೋಗಬೇಕು. ಇದನ್ನು ದೊಡ್ಡಪ್ಪನಿಗೆ ಯಾರೂ ಹೇಳಿರಲಿಲ್ಲ. ಸೆಲ್ಲಿನ ಸ್ಟಿಕರ್ ಕಿತ್ತರೆ ಗಾಳಿ ಒಳಹೋಗಿ ಅದು ಕೆಲಸ ಶುರುಮಾಡುತ್ತದೆ, ಮತ್ತೆ ಅಂಟಿಸಿದರೂ ನಿಲ್ಲಲ್ಲ ಅನ್ನುವುದನ್ನೂ ಹೇಳಿರಲಿಲ್ಲ. ಅವರು ಮೊದಲ ದಿನವೇ ಒಂದೇ ಪಟ್ಟಿಯ ನಾಲ್ಕು ಸ್ಟಿಕರ್ ಕಿತ್ತಿಟ್ಟಿದ್ದರು. ಡ್ರಾಯರ್‌ನಲ್ಲಿ ಉಳಿದಿದ್ದು ಬೇರೆ ಪಟ್ಟಿಯವು.

ಕೊನೆಗೆ ಬೇರೊಬ್ಬರು ಸಮಾಧಾನವಾಗಿ ಕೂತು ಹೊಂದಿಸಿಕೊಟ್ಟರು. ಮೂರು ಸಲ ಹೋಗಬೇಕಾಯಿತು. ಮೂರನೇ ಸಲ ಮನೆಗೆ ಬಂದವರು ನಮಗೇ ಗದರಿದರು: "ಟೀವಿ ಎಷ್ಟು ಜೋರು ಇಟ್ಟಿದ್ದೀರ್ರೋ!"

ಹಿಯರಿಂಗ್ ಏಡ್‌ನಿಂದ ಉಪಯೋಗ ಆಗಬಹುದಾದ ನೂರು ಜನರಲ್ಲಿ ಅದನ್ನು ಬಳಸುತ್ತಿರುವವರು ಸುಮಾರು 17 ಜನ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲೆ ಒಂದು ಕಾರಣ, ತಜ್ಞರ ಕೊರತೆ ಇನ್ನೊಂದು. ಇದಕ್ಕೆ ಅಮೆರಿಕ ಒಂದು ದಾರಿ ಹುಡುಕಿತು. 2022ರ ಅಕ್ಟೋಬರ್‌ನಿಂದ, ಸಾಧಾರಣ ಮಟ್ಟದ ಕಿವುಡು ಇರುವ ವಯಸ್ಕರು ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲೇ ಹಿಯರಿಂಗ್ ಏಡ್ ಕೊಳ್ಳಬಹುದು. 2024ರಲ್ಲಿ ಆ್ಯಪಲ್ ಕಂಪನಿಯ ಇಯರ್‌ಬಡ್‌ನೊಳಗಿನ ಸಾಫ್ಟ್‌ವೇರ್‌ಗೇ ಹಿಯರಿಂಗ್ ಏಡ್ ಎಂಬ ಅನುಮತಿ ಸಿಕ್ಕಿತು.

ಇಲ್ಲಿ ನಾನೇ ಹೇಳಿದ ಮಾತು ನನಗೇ ಅಡ್ಡ ಬರುತ್ತದೆ. ಸುಲಭವಾಗಿ ಸಿಕ್ಕಿದ್ದು ಮೂಲೆ ಸೇರುತ್ತದೆ ಅಂದೆ. ಹಾಗಾದರೆ ಇದು ತಪ್ಪು ದಾರಿಯೇ? ನನಗೆ ಹಾಗನ್ನಿಸಲ್ಲ. ಸ್ವಲ್ಪ ಕಿವಿ ಮಂದವಾದ ಐವತ್ತರ ವಯಸ್ಸಿನವರು ಫೋನಿನಲ್ಲೇ ಪರೀಕ್ಷೆ ಮಾಡಿಕೊಂಡು, ತಾವೇ ಹೆಚ್ಚುಕಡಿಮೆ ಮಾಡಿಕೊಳ್ಳಬಲ್ಲರು. ಜೊತೆಗೆ ಇಯರ್‌ಬಡ್ ಹಾಕಿಕೊಂಡರೆ ಯಾರೂ 'ಕಿವುಡ' ಅನ್ನಲ್ಲ, ನಾಚಿಕೆಯ ಅರ್ಧ ಭಾರ ಅಲ್ಲೇ ಇಳಿಯಿತು. ಅಂಥವರನ್ನು ತಜ್ಞರ ಸರತಿಯಿಂದ ಬಿಡಿಸಿದರೆ ಆ ಹೊತ್ತು ನಿಜವಾಗಿ ಬೇಕಾದವರಿಗೆ ಸಿಗುತ್ತದೆ. ಆದರೆ ಮಕ್ಕಳ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಅಮೆರಿಕದ ನಿಯಮವೂ 18 ತುಂಬದವರನ್ನು ಹೊರಗಿಟ್ಟಿದೆ. ಮಗುವಿಗೆ ಕೇಳಿಸಿದರೆ ತಾನೇ ಮಾತು ಬರುವುದು. ಒಂದು ವರ್ಷ ತಪ್ಪು ಸಾಧನ ಹಾಕಿಕೊಂಡರೆ ಮಾತು ಕಲಿಯುವ ಒಂದು ವರ್ಷ ಹೋಯಿತು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಒಳಗೆ ಕೂರುವ ಅಚ್ಚನ್ನು ಮತ್ತೆ ಮತ್ತೆ ಮಾಡಿಸಬೇಕು. ಅದನ್ನು ಯಾವ ಅಂಗಡಿಯ ಡಬ್ಬಿಯೂ ಕೊಡಲಾರದು.

ಯಾರಿಗೆ ಬಾಗಿಲು ಸಡಿಲಿಸಬೇಕು, ಯಾರ ಕೈ ಹಿಡಿದುಕೊಂಡೇ ಹೋಗಬೇಕು ಅಂತ ವಿಂಗಡಿಸುವುದೇ ಇಲ್ಲಿನ ಅಸಲು ಕೆಲಸ. ಸರಳ ಸಾಧನಗಳಿಗೆ ದೊಡ್ಡ ಆಸ್ಪತ್ರೆಯ ತಜ್ಞರೇ ಬೇಕಿಲ್ಲ. ಓದುವ ಕನ್ನಡಕ, ಊರುಗೋಲು, ಸ್ನಾನದ ಕುರ್ಚಿ ಇಂಥವನ್ನು ಪ್ರಾಥಮಿಕ ಆರೋಗ್ಯ ಸಿಬ್ಬಂದಿಯೇ ಕೊಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಆನ್‌ಲೈನ್ ತರಬೇತಿ ಮಾಡಿದೆ. ಅದರ ಪಾಠ ನಾಲ್ಕೇ ಹೆಜ್ಜೆ: ಆರಿಸು, ಹೊಂದಿಸು, ಬಳಸಲು ಕಲಿಸು, ಆಮೇಲೆ ಬಂದು ವಿಚಾರಿಸು. ಕೊನೆಯದನ್ನು ಬಿಟ್ಟರೆ ಉಳಿದ ಮೂರು ಸರಿಯಾದವೋ ಇಲ್ಲವೋ ಗೊತ್ತಾಗುವುದೇ ಇಲ್ಲ.

"ಬಟನ್, ಬಟನ್, ಬಟನ್"

ಸಾಫ್ಟ್‌ವೇರ್ ಲೋಕದಲ್ಲಿ ಕತೆ ತುಸು ಬೇರೆ. ಇಲ್ಲಿ ಸಾಧನ ಪುಕ್ಕಟೆಯಾಗಿಯೇ ಸಿಕ್ಕಿಬಿಟ್ಟಿದೆ.

ಕಣ್ಣು ಕಾಣದವರಿಗೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು ಒಂದು ಕಾಲಕ್ಕೆ ಬಹಳ ದುಬಾರಿ. ಕಂಪ್ಯೂಟರಿಗಿಂತ ಅದನ್ನು ಓದಿಸುವ ಸಾಫ್ಟ್‌ವೇರಿಗೇ ಜಾಸ್ತಿ ಕೊಡಬೇಕಾದ ಸ್ಥಿತಿ ಇತ್ತು. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಒಂದು ಉಚಿತ ಸ್ಕ್ರೀನ್ ರೀಡರ್ ಬರೆಯಲು ಶುರುಮಾಡಿದರು. ಗೆಳೆಯ ಜೇಮ್ಸ್ ಟೇ ಸೇರಿಕೊಂಡರು. ಇಬ್ಬರಿಗೂ ಕಣ್ಣು ಕಾಣದು. ಅದೇ ಎನ್‌ವಿಡಿಎ. ಇವತ್ತು ಅದು ಹತ್ತಾರು ಭಾಷೆಗಳಲ್ಲಿ ಬಳಕೆಯಲ್ಲಿದೆ. 2009ರಲ್ಲಿ ಐಫೋನಿನೊಳಗೇ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಬಂತು. ಬೇರೆ ಕೊಳ್ಳಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ ಅಷ್ಟೆ. ಎಲ್ಲರೂ ಕೊಳ್ಳುವ ವಸ್ತುವಿನೊಳಗೇ ಸಹಾಯಕ ಸಾಧನವನ್ನು ಇಟ್ಟುಬಿಡುವ ಈ ದಾರಿ ಎಷ್ಟೋ ಯೋಜನೆಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಅಂತ ನನ್ನ ನಂಬಿಕೆ.

ಆದರೆ ಓದುವ ಯಂತ್ರ ಇದ್ದರೆ ಸಾಲದು, ಓದಲು ಏನಾದರೂ ಇರಬೇಕು. ನಿಮ್ಮ ಫೋನಿನ ಸ್ಕ್ರೀನ್ ರೀಡರ್ ಹಾಕಿ, ಕಣ್ಣು ಮುಚ್ಚಿ, ಯಾವುದಾದರೂ ಆ್ಯಪ್ ತೆರೆಯಿರಿ. ಮೊದಲು ಎಲ್ಲ ಸರಿ ಅನ್ನಿಸುತ್ತದೆ. ಆಮೇಲೆ ಶುರುವಾಗುತ್ತದೆ: "ಬಟನ್. ಬಟನ್. ಬಟನ್." ಯಾವುದು ಹಣ ಕಳಿಸುವ ಬಟನ್, ಯಾವುದು ರದ್ದು ಮಾಡುವ ಬಟನ್? ಕಣ್ಣಿದ್ದವರಿಗೆ ಅಲ್ಲಿ ಚಂದದ ಚಿತ್ರ ಇದೆ. ಆ ಚಿತ್ರಕ್ಕೆ ಹೆಸರು ಕೊಡಲು ಪ್ರೋಗ್ರಾಮರ್ ಒಂದು ಪದ ಟೈಪ್ ಮಾಡಬೇಕಿತ್ತು. ಮಾಡಿಲ್ಲ. ಅಷ್ಟೇ ವಿಷಯ.

ವೆಬ್‌ಎಯಿಮ್ ಎಂಬ ಸಂಸ್ಥೆ ಪ್ರತಿವರ್ಷ ಹತ್ತು ಲಕ್ಷ ವೆಬ್‌ಸೈಟುಗಳ ಮುಖಪುಟಗಳನ್ನು ತಪಾಸಣೆ ಮಾಡುತ್ತದೆ. ನೂರಕ್ಕೆ 90ಕ್ಕೂ ಹೆಚ್ಚು ಪುಟಗಳಲ್ಲಿ ಯಂತ್ರವೇ ಕಂಡುಹಿಡಿಯಬಲ್ಲ ತಪ್ಪುಗಳಿರುತ್ತವೆ. ತಪ್ಪುಗಳೂ ಹೊಸವಲ್ಲ: ಮಸುಕು ಅಕ್ಷರ, ವಿವರಣೆ ಇಲ್ಲದ ಚಿತ್ರ, ಹೆಸರಿಲ್ಲದ ಬಟನ್. ಅಂಗವಿಕಲರಿಗೂ ಬಳಸಲು ಬರುವಂತೆ ವೆಬ್ ಹೇಗಿರಬೇಕು ಎಂಬ ಮೊದಲ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದಿದ್ದು 1999ರಲ್ಲಿ. ಅಂದರೆ ಗೊತ್ತಿಲ್ಲ ಎನ್ನುವ ನೆಪ ಮುಗಿದು ಬಹಳ ಕಾಲ ಆಯಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 28ರಿಂದ ಬ್ಯಾಂಕಿಂಗ್, ಇ-ಪುಸ್ತಕ, ಆನ್‌ಲೈನ್ ಅಂಗಡಿ ಮುಂತಾದವು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂಬ ಕಾನೂನು ಜಾರಿಗೆ ಬಂದಿದೆ. ಆ ಮಾರುಕಟ್ಟೆಗೆ ಅಂತ ಸರಿಮಾಡಿದ ಆ್ಯಪ್ ಉಳಿದವರಿಗೂ ಸಿಗುತ್ತದೆ ಎಂಬುದು ಒಂದು ಸಣ್ಣ ಆಸೆ.

ಪುಸ್ತಕಗಳದ್ದೂ ಇದೇ ಪಾಡು. ಒಂದು ದೇಶದಲ್ಲಿ ಬ್ರೈಲ್‌ಗೋ ಆಡಿಯೊಗೋ ತಂದ ಪುಸ್ತಕವನ್ನು ಪಕ್ಕದ ದೇಶಕ್ಕೆ ಕಳಿಸಲು ಕಾಪಿರೈಟ್ ಅಡ್ಡ ಬರುತ್ತಿತ್ತು. ಅದೇ ಕೆಲಸವನ್ನು ಎರಡೂ ಕಡೆ ಮೊದಲಿಂದ ಮಾಡಬೇಕಿತ್ತು. 2013ರ ಮರಾಕೆಶ್ ಒಪ್ಪಂದ ಈ ಗಂಟು ಬಿಡಿಸಿತು, 2016ರ ಸೆಪ್ಟೆಂಬರ್‌ನಲ್ಲಿ ಜಾರಿಗೂ ಬಂತು. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. ಆದರೆ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಥರ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತವನ್ನು ಸ್ಕ್ರೀನ್ ರೀಡರ್ ಮುಂದಿಟ್ಟರೆ ಅದು ಅರ್ಥವಿಲ್ಲದ ಅಕ್ಷರಗಳನ್ನು ಒದರುತ್ತದೆ. ಸ್ಕ್ಯಾನ್ ಮಾಡಿದ ಪುಟವಾದರೆ ಬರೀ ಚಿತ್ರ, ಯಂತ್ರ ಸುಮ್ಮನಾಗಿಬಿಡುತ್ತದೆ. ಅದನ್ನು ಯಾವ ಒಪ್ಪಂದವೂ ಸರಿಮಾಡಲ್ಲ, ಕೂತು ಓದಲು ಬರುವ ಪಠ್ಯವಾಗಿ ಬದಲಿಸಿ, ತಪ್ಪು ತಿದ್ದುವವರು ಬೇಕು.

ಕೆಟ್ಟುಹೋದ ಮೇಲೆ

2020ರ ಆಸುಪಾಸಿನಲ್ಲಿ ನಡೆದ ಒಂದು ಸಂಗತಿ ನನಗೆ ಈಗಲೂ ದಿಗಿಲು ಹುಟ್ಟಿಸುತ್ತದೆ. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ಆರ್ಗಸ್-2 ಎಂಬ ಕೃತಕ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಮಾಡುತ್ತಿತ್ತು. ಕನ್ನಡಕದಲ್ಲಿ ಕ್ಯಾಮೆರಾ, ಕಣ್ಣಿನೊಳಗೆ ಶಸ್ತ್ರಚಿಕಿತ್ಸೆ ಮಾಡಿ ಕೂರಿಸಿದ 60 ಎಲೆಕ್ಟ್ರೋಡ್‌ಗಳು. ಪೂರ್ತಿ ದೃಷ್ಟಿ ಬರಲ್ಲ, ಬೆಳಕು ನೆರಳಿನ ಆಕಾರಗಳು ಕಾಣುತ್ತವೆ. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡಿದ್ದರು. 2019ರಲ್ಲಿ ಕಂಪನಿ ತಯಾರಿ ನಿಲ್ಲಿಸಿತು. ಮರುವರ್ಷ ಬಹುತೇಕ ನೌಕರರನ್ನು ಮನೆಗೆ ಕಳಿಸಿತು. ಯಂತ್ರ ಕೆಟ್ಟರೆ ಬಿಡಿಭಾಗ ಇಲ್ಲ, ಸಹಾಯಕ್ಕೆ ಜನ ಇಲ್ಲ. ಕಣ್ಣೊಳಗಿನ ಎಲೆಕ್ಟ್ರೋಡ್ ಮಾತ್ರ ಹಾಗೇ ಇದೆ. ಫೋನ್ ಹಳತಾದರೆ ಬಿಸಾಡಬಹುದು. ಇದನ್ನೇನು ಮಾಡೋದು?

ಇದು ಅಪರೂಪದ ಪ್ರಸಂಗ ಇರಬಹುದು. ಆದರೆ ಇದರ ಚಿಕ್ಕ ರೂಪ ಎಲ್ಲ ಕಡೆ ಇದೆ. ಬ್ಯಾಟರಿ ಗಾಲಿಕುರ್ಚಿ ಕೆಟ್ಟರೆ ಕಂಪನಿಯ ಅಧಿಕೃತ ತಂತ್ರಜ್ಞರೇ ಬರಬೇಕು, ಅವರ ಹತ್ತಿರವೇ ಅದರ ಸಾಫ್ಟ್‌ವೇರ್ ಇರುವುದು. ಒಂದು ಸಣ್ಣ ಭಾಗಕ್ಕೆ ವಾರಗಟ್ಟಲೆ ಕಾಯಬೇಕು. ಆ ವಾರಗಳಲ್ಲಿ ಕುರ್ಚಿಯವರು ಹಾಸಿಗೆಯಲ್ಲೇ. ಅಮೆರಿಕದ ಕೊಲರಾಡೊ ರಾಜ್ಯ 2022ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಬ್ಯಾಟರಿ ಗಾಲಿಕುರ್ಚಿಯ ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರ್ ಉಪಕರಣಗಳನ್ನು ಮಾಲೀಕರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಕಂಪನಿಗಳು ಕೊಡಲೇಬೇಕು. ಟ್ರ್ಯಾಕ್ಟರ್, ಫೋನುಗಳ ರಿಪೇರಿ ಹಕ್ಕಿನ ಗದ್ದಲದ ನಡುವೆ ಗಾಲಿಕುರ್ಚಿ ಮೊದಲು ದಾಟಿಕೊಂಡಿದ್ದು ನ್ಯಾಯವೇ.

ಏನನ್ನು ಎಣಿಸಬೇಕು?

ಕಾಗದದ ಮೇಲೆ ಬೇಕಾದಷ್ಟಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರದ್ದು. ಓಡಾಟಕ್ಕೆ ಬೇಕಾದ ಸಾಧನ ಕೈಗೆಟುಕುವ ಬೆಲೆಗೆ ಸಿಗುವಂತೆ ಮಾಡುವುದು ಸರ್ಕಾರಗಳ ಹೊಣೆ ಅಂತ ಅದರ 20ನೇ ವಿಧಿ ಹೇಳುತ್ತದೆ. ಅಂಧರಿಗೆ ಬೇಕಾದ ವಸ್ತುಗಳ ಮೇಲೆ ಆಮದು ಸುಂಕ ಬೇಡ ಎಂಬ ಯುನೆಸ್ಕೊ ಒಪ್ಪಂದ 1950ರಷ್ಟು ಹಳೆಯದು, 1976ರಲ್ಲಿ ಅದನ್ನು ಬೇರೆ ಅಂಗವಿಕಲರಿಗೂ ವಿಸ್ತರಿಸಿದರು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 50 ಆದ್ಯತೆಯ ಸಾಧನಗಳ ಪಟ್ಟಿ ಬಂತು. 2018ರಲ್ಲಿ ಸಹಾಯಕ ಸಾಧನಗಳ ಬಗ್ಗೆ ವಿಶ್ವ ಆರೋಗ್ಯ ಸಭೆಯ ನಿರ್ಣಯ ಬಂತು. ಅದೇ ವರ್ಷ ಶುರುವಾದ ಎಟಿಸ್ಕೇಲ್ ಎಂಬ ಜಾಗತಿಕ ಸಹಭಾಗಿತ್ವ, 2030ರೊಳಗೆ 50 ಕೋಟಿ ಜನರಿಗೆ ಸಾಧನ ತಲುಪಿಸುವ ಗುರಿ ಇಟ್ಟುಕೊಂಡಿದೆ.

'ತಲುಪಿಸುವ' ಎಂಬ ಪದದ ಹತ್ತಿರ ನಾನು ನಿಲ್ಲುತ್ತೇನೆ. ಡಬ್ಬಿ ಮನೆ ಬಾಗಿಲು ದಾಟಿದರೆ ತಲುಪಿದಂತೆಯೇ? ಟೆಂಡರ್ ಕರೆಯುವಾಗ ಅತಿ ಕಡಿಮೆ ಬೆಲೆಗೆ ಅತಿ ಹೆಚ್ಚು ಡಬ್ಬಿ ಎಂಬುದೇ ಗೆಲುವಾದರೆ, ಹೊಂದಿಸುವವರ ಸಂಬಳ, ಮರುಭೇಟಿಯ ಖರ್ಚು, ಬದಲಿ ಟೈರು, ಬದಲಿ ಸೆಲ್ಲು ಇವೆಲ್ಲ ದುಂದಿನಂತೆ ಕಾಣುತ್ತವೆ. ಅದೇ ಟೆಂಡರ್‌ನಲ್ಲಿ 'ಆರು ತಿಂಗಳ ನಂತರವೂ ಬಳಕೆಯಲ್ಲಿರುವ ಸಾಧನ' ಅಂತ ಬರೆದು, ಕೊನೆಯ ಕಂತಿನ ಹಣವನ್ನು ಅದಕ್ಕೆ ಕಟ್ಟಿಹಾಕಿದರೆ ಲೆಕ್ಕಾಚಾರ ತಿರುಗಿಬೀಳುತ್ತದೆ. ಸರಬರಾಜು ಮಾಡುವವರೇ ಅಳತೆ ತೆಗೆಯುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಟೆಂಡರ್ ಬರೆಯುವ ಮೇಜಿನ ಸುತ್ತ ಸಾಧನ ಬಳಸುವವರು ನಾಲ್ಕು ಜನ ಕೂತಿದ್ದರೆ ಈ ಸಾಲು ಯಾವತ್ತೋ ಸೇರಿರುತ್ತಿತ್ತು.

ಬಳಕೆಯನ್ನು ಎಣಿಸುವುದು ಕಷ್ಟ ಅಂತ ಹೇಳುವವರಿದ್ದಾರೆ. ಅಷ್ಟೇನೂ ಕಷ್ಟವಿಲ್ಲ. ಈಗಿನ ಎಷ್ಟೋ ಡಿಜಿಟಲ್ ಹಿಯರಿಂಗ್ ಏಡ್‌ಗಳು ದಿನಕ್ಕೆ ಸರಾಸರಿ ಎಷ್ಟು ತಾಸು ಆನ್ ಇದ್ದವು ಅಂತ ತಮ್ಮೊಳಗೇ ಬರೆದಿಟ್ಟುಕೊಳ್ಳುತ್ತವೆ. ಹೊಂದಿಸುವವರು ಕಂಪ್ಯೂಟರಿಗೆ ಜೋಡಿಸಿದರೆ ಅಂಕಿ ಕಾಣುತ್ತದೆ. ದೊಡ್ಡಪ್ಪನದನ್ನು ಎರಡನೇ ಸಲ ಜೋಡಿಸಿದಾಗ ಹೊಂದಿಸುವವರು ಬೈಯಲಿಲ್ಲ. "ತಾಸು ಕಡಿಮೆ ಇದೆ, ಯಾವ ಹೊತ್ತು ತೆಗೆದಿಡ್ತೀರಿ, ಯಾಕೆ ಸರ್?" ಅಂತ ಕೇಳಿದರು. ಸಂಜೆ ಹೊತ್ತು ಅಂದರು ದೊಡ್ಡಪ್ಪ. ಕಿವಿಯ ಹಿಂದೆ ಕನ್ನಡಕದ ಕಡ್ಡಿಗೂ ಇದಕ್ಕೂ ಜಾಗ ಸಾಲದೆ ನೋಯುತ್ತಿತ್ತು. ಅವರು ಸಂಜೆ ಪೇಪರ್ ಓದುವವರು. ಅಷ್ಟು ತಿಳಿಯಲು ಆ ಅಂಕಿ ಸಾಕಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ ಅಂಕಿಯನ್ನು ಹಣ ಕೊಡುವವರು ಕೈಗೆ ತೆಗೆದುಕೊಂಡು, ಕಡಿಮೆ ಬಳಸಿದವರಿಂದ ಸಾಧನ ವಾಪಸ್ ಪಡೆಯಲು ಹೊರಟರೆ ಆಟವೇ ಬದಲಾಗುತ್ತದೆ. ಆಗ ಯಾರೂ "ನೋಯುತ್ತೆ" ಅಂತ ಹೇಳಲ್ಲ. ಬೆಳಿಗ್ಗೆ ಎದ್ದು ಸ್ವಿಚ್ ಹಾಕಿ, ಅದನ್ನು ಮೇಜಿನ ಮೇಲೆ ಇಟ್ಟು, ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.